ಅಬ್ಬಾ ಮಲಗಿದ್ದಾಗ

ಅಬ್ಬಾ ತೀರಿಕೊಂಡ ದಿನ ಬೆಳಿಗ್ಗೆ, ಅವರು ಅಡುಗೆಮನೆಯ ನೆಲದ ಮೇಲೆ ಅಂಗಾತ ಮಲಗಿದ್ದನ್ನು ನಾನು ನೋಡಿದೆ. ನೋಡಿ, ಸದ್ದಾಗದಂತೆ ಬಾಗಿಲು ಎಳೆದುಕೊಂಡು ಮುಂದಿನ ಕೋಣೆಗೆ ಬಂದು ಕೂತೆ. ಇದನ್ನು ಓದಿದವರಿಗೆ ಇವಳೆಂಥ ಮಗಳು ಅನ್ನಿಸಬಹುದು. ನಮ್ಮ ಮನೆಯಲ್ಲಿ ಬೆಳೆದಿದ್ದರೆ ಅವರೂ ಹಾಗೆಯೇ ಮಾಡುತ್ತಿದ್ದರೇನೋ. ಅಬ್ಬಾ ನೆಲದ ಮೇಲೆ ಮಲಗಿದರೆ ಅವರಿಗೆ ಸಿಟ್ಟು ಬಂದಿದೆ ಎಂದು ಅರ್ಥ. ಸಿಟ್ಟು ಇಳಿದು ಅವರೇ ಎದ್ದು ಬರುವವರೆಗೆ ಯಾರೂ ಮಾತಾಡಿಸಬಾರದು, ದಾಟಬಾರದು, ಬಾಗಿಲು ಎಳೆದು ಆಚೆ ಹೋಗಬೇಕು. ಮೂವತ್ತು ವರ್ಷ ನಾವು ಹಾಗೆಯೇ ಬದುಕಿದೆವು. ಅವತ್ತು ನಾನು ನೋಡಿದ್ದನ್ನು ನಲವತ್ತು ದಿನ ಯಾರಿಗೂ ಹೇಳಲಿಲ್ಲ. ಅಮ್ಮಿಗೂ ಹೇಳಲಿಲ್ಲ. ಅಬ್ಬಾನ ಸಿಟ್ಟು ಕೊನೆಯ ವರ್ಷಗಳಲ್ಲಿ ನಿಜವಾಗಿ ಹೋಗಿತ್ತೇ, ಇಲ್ಲ ಒಳಗೇ ಇತ್ತೇ ಎಂದು ಆ ನಲವತ್ತು ದಿನ ಯೋಚಿಸಿದೆ. ಇತ್ತು ಅನ್ನುವುದಾದರೆ ನಾನು ಬಾಗಿಲು ಎಳೆದದ್ದು ಮನೆಯ ಪದ್ಧತಿ. ಹೋಗಿತ್ತು ಅನ್ನುವುದಾದರೆ, ಸಿಟ್ಟಿಲ್ಲದ ಮನುಷ್ಯ ನೆಲದ ಮೇಲೆ ಯಾಕೆ ಮಲಗಿದ್ದಾರೆ ಎಂದು ನಾನು ಬಗ್ಗಿ ನೋಡಬೇಕಿತ್ತು.

ನೆದರ್ಲೆಂಡ್ಸಿನ ನೈಮೆಗನ್ ಊರಿನ ಆ ಮನೆ, ಗೋಡೆಗೆ ಗೋಡೆ ಅಂಟಿಕೊಂಡ ಸಾಲುಮನೆಗಳಲ್ಲಿ ನಾಲ್ಕನೆಯದು. ಹರಿಹರದಿಂದ ಅಲ್ಲಿಗೆ ಬಂದಾಗ ನನಗೆ ಹತ್ತು ವರ್ಷ, ತಂಗಿ ನಸ್ರೀನಳಿಗೆ ನಾಲ್ಕು. ಅಬ್ಬಾ ಒಂದು ವರ್ಷ ಮೊದಲೇ ಬಂದು, ಚಿಪ್ ತಯಾರಿಸುವ ಕಾರ್ಖಾನೆಯೊಂದರಲ್ಲಿ ಯಂತ್ರಗಳನ್ನು ರಿಪೇರಿ ಮಾಡುವ ಕೆಲಸಕ್ಕೆ ಸೇರಿದ್ದರು. ಮನೆಯೊಳಗೆ ಏಣಿಯಷ್ಟು ಕಡಿದಾದ ಮೆಟ್ಟಿಲು, ಮೇಲೆ ಎರಡು ಕೋಣೆ, ಕೆಳಗೆ ಬೀದಿಗೆ ಮುಖಮಾಡಿದ ಒಂದು ದೊಡ್ಡ ಕೋಣೆ, ಅದರ ಹಿಂದೆ ಅಡುಗೆಮನೆ. ಮುಂದಿನ ಕೋಣೆಯ ಕಿಟಕಿ ಹೆಚ್ಚುಕಡಿಮೆ ಗೋಡೆಯಷ್ಟೇ ದೊಡ್ಡದು. ಆ ಬೀದಿಯಲ್ಲಿ ಯಾರೂ ಪರದೆ ಹಾಕುತ್ತಿರಲಿಲ್ಲ. ಚಳಿಗಾಲದ ಬೆಳಿಗ್ಗೆ ನದಿಯ ಕಡೆಯಿಂದ ಮಂಜು ಬಂದು ಆ ಗಾಜಿಗೆ ಒರಗಿ ನಿಲ್ಲುತ್ತಿತ್ತು. ಆಗ ಮನೆ ನೀರಿನೊಳಗೆ ಮುಳುಗಿದಂತೆ ಕಾಣುತ್ತಿತ್ತು. ಎದುರು ಮನೆಯ ದೀಪಗಳು ದೂರದ ಹಡಗುಗಳಂತೆ, ಸೈಕಲ್ ಹೊಡೆದುಕೊಂಡು ಹೋಗುವವರು ಮೀನುಗಳಂತೆ. ಒಳಗೆ ಅಮ್ಮಿ ಹುರಿಯುವ ಈರುಳ್ಳಿಯ ವಾಸನೆ ಗೋಡೆಯ ಕಾಗದಕ್ಕೆ ಹತ್ತಿಕೊಂಡಿತ್ತು. ಈಗಲೂ ಆ ಗೋಡೆಗೆ ಮೂಗು ಹಚ್ಚಿದರೆ ಸಿಕ್ಕೀತು. ನಮ್ಮ ಮಾತಿನಲ್ಲಿ ದಖನಿ ಉರ್ದುವೂ ಕನ್ನಡವೂ ಕಲಸಿಹೋಗಿದ್ದವು. ಅಮ್ಮಿ ಕನ್ನಡ ಶಾಲೆಯಲ್ಲಿ ಓದಿದವಳು. ನಾನು ಮರೆಯಬಾರದೆಂದು ದಿನಕ್ಕೊಂದು ಪುಟ ಕನ್ನಡ ಬರೆಸುತ್ತಿದ್ದಳು. ನನಗೆ ಬರುವ ಕನ್ನಡ ಅಷ್ಟೇ.

ಮಲಗುವ ಪದ್ಧತಿ ಹರಿಹರದಲ್ಲಿ ಶುರುವಾಗಿದ್ದು. ನಿಂತಿದ್ದಾಗ ಸಿಟ್ಟು ಬಂದರೆ ಕೂರು, ಕೂತರೂ ಹೋಗದಿದ್ದರೆ ಮಲಗು, ಆಮೇಲೆ ಎದ್ದು ತಣ್ಣೀರಲ್ಲಿ ಕೈಕಾಲು ಮುಖ ತೊಳಿ ಎಂದು ನಮ್ಮಲ್ಲಿ ಹಿರಿಯರು ಮಕ್ಕಳಿಗೆ ಹೇಳಿಕೊಡುತ್ತಾರೆ. ಎಲ್ಲರೂ ಕೇಳಿರುತ್ತಾರೆ, ಮಾಡುವವರು ಕಡಿಮೆ. ಅಬ್ಬಾನೂ ಮಾಡುತ್ತಿರಲಿಲ್ಲ. ನನಗೆ ಎಂಟು ವರ್ಷವಿದ್ದಾಗ ಒಂದು ಮಧ್ಯಾಹ್ನ, ಸಾರಿಗೆ ಉಪ್ಪು ಹೆಚ್ಚಾಯಿತೆಂದೋ ಕಡಿಮೆಯಾಯಿತೆಂದೋ, ಅವರು ಬೀಸಿದ ಸ್ಟೀಲ್ ಲೋಟ ಅಮ್ಮಿಯ ಹಣೆಗೆ ತಗುಲಿತು. ಎಡಹುಬ್ಬಿನ ಮೇಲೆ ಈಗಲೂ ಅಕ್ಕಿಕಾಳಿನಷ್ಟು ಬಿಳಿ ಗುರುತಿದೆ. ಅಮ್ಮಿ ನಮ್ಮಿಬ್ಬರನ್ನು ಕರೆದುಕೊಂಡು ತವರಿಗೆ ಹೋದಳು. ನಾನಾ, ಅಂದರೆ ಅಮ್ಮಿಯ ತಂದೆ, ಅಳಿಯ ಬಂದಾಗ ಬೈಯಲಿಲ್ಲ, ಚಹಾ ಕೊಟ್ಟರು. ಇನ್ನು ಮುಂದೆ ಸಿಟ್ಟು ಬಂದಾಗ ಎಲ್ಲಿದ್ದರೂ ಹಾಗೇ ಮಲಗುವೆನೆಂದು ಮಾತು ಕೊಟ್ಟರೆ ಮಾತ್ರ ಮಗಳನ್ನು ಕಳಿಸುವುದಾಗಿ ಹೇಳಿದರು. ಅಬ್ಬಾ ಮಾತು ಕೊಟ್ಟರು. ಎರಡು ವರ್ಷದ ನಂತರ ಅಮ್ಮಿ ವಿಮಾನ ಹತ್ತಿದ್ದೂ ಆ ಮಾತಿನ ಮೇಲೆಯೇ. ಮತ್ತೆಂದೂ ಅವರು ಯಾರ ಮೇಲೂ ಕೈ ಎತ್ತಲಿಲ್ಲ. ಆದರೆ ಅಲ್ಲಿಂದಾಚೆ ಎಷ್ಟು ಸಲ ಮಲಗಿದರೋ ದೇವರೇ ಬಲ್ಲ.

ನೆದರ್ಲೆಂಡ್ಸಿನಲ್ಲಿ ಸಿಟ್ಟು ಬರಿಸುವ ಸಂಗತಿಗಳಿಗೆ ಕೊರತೆಯಿರಲಿಲ್ಲ. ಒದ್ದೆಯಾದ ಸೈಕಲ್ ಸೀಟು, ಅರ್ಥವಾಗದ ಕಾಗದಪತ್ರ, ಒಂದು ನಿಮಿಷ ಮೊದಲೇ ಹೊರಟುಹೋದ ಬಸ್ಸು. ಅಬ್ಬಾ ಮೊದಲು ಕುರ್ಚಿಯ ಅಂಚಿನಲ್ಲಿ ಕೂರುತ್ತಿದ್ದರು. ಕಿವಿಯ ತುದಿ ಕೆಂಪಾಗಿರುತ್ತಿತ್ತು. ಆಮೇಲೆ ನಿಧಾನವಾಗಿ, ಮೊಣಕಾಲೂರಿ, ಕೈಯೂರಿ ನೆಲಕ್ಕೆ ಇಳಿಯುತ್ತಿದ್ದರು. ನಾವು ಬಂದ ಮೊದಲ ವರ್ಷ, ಒಂದು ಶನಿವಾರ ಹೀಗೆ ಮುಂದಿನ ಕೋಣೆಯಲ್ಲಿ ಮಲಗಿದ್ದಾಗ ಕರೆಗಂಟೆ ಸದ್ದಾಯಿತು. ಪಕ್ಕದ ಮನೆಯ ತ್ರೂಸ್, ಎಪ್ಪತ್ತರ ವಿಧವೆ, ಪರದೆಯಿಲ್ಲದ ಕಿಟಕಿಯಲ್ಲಿ ನೋಡಿ ಗಾಬರಿಯಾಗಿ ಓಡಿಬಂದಿದ್ದಳು.

"ನಿಮ್ಮ ಗಂಡನಿಗೆ ಏನಾಗಿದೆ? ಡಾಕ್ಟರನ್ನು ಕರೆಯಲೇ?"

ಅಮ್ಮಿಗೆ ಆಗ ಬರುತ್ತಿದ್ದದ್ದು ಇಪ್ಪತ್ತೋ ಮೂವತ್ತೋ ಡಚ್ ಪದ. ಅದರಲ್ಲಿ ಬೋಸ್ ಒಂದು, ಅಂದರೆ ಸಿಟ್ಟು.

"ಇಲ್ಲ, ಇಲ್ಲ. ಬೋಸ್. ಮಲಗಿ ಬೋಸ್."

"ಸಿಟ್ಟೇ? ಯಾರ ಮೇಲೆ?"

"ಸೈಕಲ್ ಮೇಲೆ," ಎಂದೆ ನಾನು ಅಮ್ಮಿಯ ಹಿಂದಿನಿಂದ. "ಸಿಟ್ಟು ಹೋದ ಮೇಲೆ ಏಳುತ್ತಾರೆ."

ತ್ರೂಸ್ ನನ್ನನ್ನು ನೋಡಿದಳು, ಅಮ್ಮಿಯನ್ನು ನೋಡಿದಳು, ಕತ್ತು ಚಾಚಿ ಒಳಗೆ ನೆಲದ ಮೇಲಿದ್ದ ಕಾಲುಗಳನ್ನು ನೋಡಿದಳು.

"ನನ್ನ ಗಂಡ ನಲವತ್ತು ವರ್ಷ ನಿಂತುಕೊಂಡೇ ಕೂಗಾಡಿದ. ಹೀಗೂ ಮಾಡಬಹುದು ಅಂತ ಗೊತ್ತಿದ್ದರೆ ಮದುವೆಯ ದಿನವೇ ಒಂದು ಜಮಖಾನ ಹಾಸಿಕೊಡುತ್ತಿದ್ದೆ."

ಅಬ್ಬಾಗೆ ಅದು ಕೇಳಿಸಿತು. ಹೊಟ್ಟೆ ಕುಲುಕುತ್ತಿದ್ದದ್ದು ಬಾಗಿಲಿಂದಲೇ ಕಾಣುತ್ತಿತ್ತು, ಆದರೆ ಕಣ್ಣು ತೆರೆಯಲಿಲ್ಲ. ಮರುದಿನವೇ ಅಮ್ಮಿ ಹಳೆಯ ದುಪಟ್ಟಾಗಳನ್ನು ಕೂಡಿಸಿ ಕಿಟಕಿಯ ಕೆಳಗಿನ ಅರ್ಧಕ್ಕೆ ಪರದೆ ಹೊಲಿದಳು.

ಅಬ್ಬಾ ಮಲಗಿದ ಗಳಿಗೆಗಳು ನನಗೆ ಹೆದರಿಕೆಯ ನೆನಪಾಗಿ ಉಳಿದಿಲ್ಲ. ಮನೆಯ ಸದ್ದೆಲ್ಲ ಒಮ್ಮೆಗೇ ಇಳಿದುಹೋಗುತ್ತಿತ್ತು. ಅಮ್ಮಿ ಒಲೆ ಸಣ್ಣ ಮಾಡುತ್ತಿದ್ದಳು. ನಾನೂ ನಸ್ರೀನಳೂ ಮೆಟ್ಟಿಲ ಮೇಲೆ ಒಬ್ಬರ ಹಿಂದೊಬ್ಬರು ಕೂರುತ್ತಿದ್ದೆವು. ನಾನು ಅವಳ ಕೂದಲನ್ನು ಹೆಣೆಯುವುದು, ಬಿಚ್ಚುವುದು, ಮತ್ತೆ ಹೆಣೆಯುವುದು. ಫ್ರಿಜ್ಜು ಗುಂಯ್‌ಗುಡುತ್ತಿತ್ತು, ತ್ರೂಸಳ ರೇಡಿಯೋ ಗೋಡೆಯಾಚೆ ಯಾರದೋ ಕನಸಿನಲ್ಲಿ ಮಾತಾಡಿದಂತೆ ಕೇಳುತ್ತಿತ್ತು. ದುಪಟ್ಟಾದ ಹಸಿರು, ಹಳದಿ ಬಣ್ಣಗಳು ಬಿಸಿಲು ಬಂದಾಗ ನೆಲದ ಮೇಲೆ ತೇಲಿ ಬಂದು ಅಬ್ಬಾನ ಅಂಗಾಲನ್ನು ಮುಟ್ಟುತ್ತಿದ್ದವು. ಕಾಲ ಅಲ್ಲಿ ನಡೆಯುತ್ತಿರಲಿಲ್ಲ, ತೇಲುತ್ತಿತ್ತು. ಕೊನೆಗೆ ನಲ್ಲಿಯ ನೀರಿನ ಸದ್ದು ಕೇಳುತ್ತಿತ್ತು, ಅಬ್ಬಾ ಎದ್ದರೆಂದು ತಿಳಿಯುತ್ತಿತ್ತು. ಮುಖ ತೊಳೆದು, ತೋಳು ಒದ್ದೆ ಇರುವಾಗಲೇ ಅವರು ಎಲ್ಲರಿಗೂ ಏಲಕ್ಕಿ ಚಹಾ ಮಾಡುತ್ತಿದ್ದರು. ಯಾಕೆ ಸಿಟ್ಟು ಬಂತು ಎಂದು ಅವರು ಹೇಳುತ್ತಿರಲಿಲ್ಲ, ನಾವು ಕೇಳುತ್ತಿರಲಿಲ್ಲ.

ಆ ಬಾಗಿಲನ್ನು ನಾನು ಒಂದೇ ಒಂದು ಸಲ ದಾಟಿದೆ. ಪ್ರೈಮರಿ ಶಾಲೆಯ ಕೊನೆಯ ವರ್ಷ, ಮಕ್ಕಳು ಮುಂದೆ ಯಾವ ಬಗೆಯ ಶಾಲೆಗೆ ಹೋಗಬೇಕೆಂದು ಅಲ್ಲಿ ಟೀಚರೇ ಸಲಹೆ ಕೊಡುತ್ತಾರೆ. ಅಬ್ಬಾ ನನ್ನ ಜೊತೆ ಬಂದು ಮಕ್ಕಳ ಪುಟ್ಟ ಕುರ್ಚಿಯಲ್ಲಿ, ಮೊಣಕಾಲು ಎದೆಗೆ ತಾಗುವಂತೆ ಕೂತಿದ್ದರು. ನಾನು ಡಾಕ್ಟರಾಗುತ್ತೇನೆಂದು ಅವರು ಕಾರ್ಖಾನೆಯಲ್ಲೆಲ್ಲ ಹೇಳಿಕೊಂಡು ಬಂದಿದ್ದರು. ಟೀಚರ್ ಒಳ್ಳೆಯ ಹೆಂಗಸು. ನಿಮ್ಮ ಮಗಳಿಗೆ ತಾಳ್ಮೆ ಬಹಳ, ಓದುವುದಕ್ಕಿಂತ ಜನರನ್ನು ನೋಡಿಕೊಳ್ಳುವ ಕೆಲಸ ಒಪ್ಪುತ್ತದೆ, ಅಂಥ ಕಸುಬು ಕಲಿಸುವ ಶಾಲೆಗೆ ಹೋಗಲಿ ಎಂದಳು. ಅಬ್ಬಾನ ಕಿವಿಯ ತುದಿ ಕೆಂಪಾಗುವುದನ್ನು ನೋಡಿದೆ. ಅವರು ಆಗಲೇ ಕೂತಿದ್ದರು. ಇನ್ನು ಉಳಿದಿರುವುದು ಮಲಗುವುದೊಂದೇ ಎಂದು ನನಗೆ ಜೀವ ಬಾಯಿಗೆ ಬಂತು. ಅವರು ಶಾಲೆಯ ನೆಲವನ್ನು ಒಂದು ಸಲ ನೋಡಿದರು. ಎದ್ದು ಟೀಚರ ಕೈ ಕುಲುಕಿದರು. ಆಲಿಕಲ್ಲಿನಂಥ ಮಳೆಯಲ್ಲಿ ನಾವು ಮನೆಯ ಕಡೆ ಸೈಕಲ್ ತುಳಿದೆವು. ಮನೆಗೆ ಬಂದವರೇ ಕೋಟು ಕೂಡ ಬಿಚ್ಚದೆ ಅಡುಗೆಮನೆಯಲ್ಲಿ ಮಲಗಿದರು.

"ಪಾಪಾ ಲಿಖ್ಟ್ ವೇರ್," ಎಂದಳು ನಸ್ರೀನ್. ಪಾಪಾ ಮತ್ತೆ ಮಲಗಿದ್ರು ಅಂತ. ಅಷ್ಟು ಹೊತ್ತಿಗೆ ಅವಳು ಎಲ್ಲದಕ್ಕೂ ಡಚ್ಚಿನಲ್ಲೇ ಉತ್ತರಿಸುತ್ತಿದ್ದಳು.

ಅಮ್ಮಿ ಬಾಗಿಲು ಎಳೆದಳು. ನಾನು ತೆರೆದು ಒಳಗೆ ಹೋದೆ. ಹೋಗಿ ಅವರ ಪಕ್ಕದಲ್ಲಿ ಮಲಗಿದೆ. ಕೋಟಿನಿಂದ ಇಳಿದ ನೀರು ನನ್ನ ಬೆನ್ನಿಗೆ ತಾಗುತ್ತಿತ್ತು. ಮೇಲೆ ಚಾವಣಿ ಆಕಾಶದಷ್ಟು ದೂರ ಕಂಡಿತು.

"ಎದ್ದೋಗು ರುಬೀನಾ. ನೆಲ ತಣ್ಣಗೈತೆ."

"ನನ್ ಮೇಲೆ ಸಿಟ್ಟಾ ಅಬ್ಬಾ?"

"ಅಲ್ಲ."

"ಟೀಚರ್ ಮೇಲಾ?"

"ಗೊತ್ತಿಲ್ಲ. ಯಾರ ಮೇಲೆ ಅಂತ ಕೇಳ್ಕೊಂಡು ಬರಲ್ಲ ಅದು."

"ಮಲಗಿದ್ರೆ ಎಲ್ಲಿಗೆ ಹೋಗುತ್ತೆ?"

ಅವರು ಕೆಲಸ ಮಾಡುತ್ತಿದ್ದ ಕೋಣೆಯಲ್ಲಿ ಒಂದು ಕಣ ಧೂಳೂ ಇರಬಾರದೆಂದು, ತಲೆಯಿಂದ ಕಾಲಿನವರೆಗೆ ಬಿಳಿ ಅಂಗಿ ತೊಟ್ಟು ಒಳಗೆ ಹೋಗಬೇಕೆಂದು ನಮಗೆ ಗೊತ್ತಿತ್ತು.

"ನಮ್ ಕೋಣೇಲಿ ಧೂಳೇ ಇಲ್ಲ ಅಂತಾರಲ್ಲ, ಸುಳ್ಳು. ನಾವು ಒಳಗೆ ಹೋದ್ರೆ ನಮ್ ಜೊತೆಗೇ ಬರುತ್ತೆ. ಮೈಯಿಂದಾನೇ ಉದುರುತ್ತೆ. ಅದನ್ನ ಸಾಯ್ಸಕ್ಕಾಗಲ್ಲ. ಮೇಲಿಂದ ಗಾಳಿ ಬಿಡ್ತಾರೆ, ನೆಲದ ತುಂಬಾ ತೂತು ಇರ್ತವೆ, ಧೂಳು ಕೆಳಗಿಳಿದು ಹೋಗುತ್ತೆ. ಗಾಳಿ ನಿಂತ್ರೆ ಮತ್ತೆ ಮೇಲೇಳುತ್ತೆ. ಅದಕ್ಕೇ ಒಂದ್ ಗಳಿಗೇನೂ ನಿಲ್ಸಲ್ಲ."

ಅಮ್ಮಿ ಬಾಗಿಲ ಹಿಂದೆ ನಿಂತು ಎಲ್ಲ ಕೇಳಿಸಿಕೊಂಡಿದ್ದಳು. ಸಂಜೆ ಊಟಕ್ಕೆ ಕೂತಾಗ ಖಿಚಡಿ ಬಡಿಸುತ್ತ ಆ ಮಾತು ತೆಗೆದಳು.

"ಧೂಳು ಅಂತೆ, ತೂತು ಅಂತೆ. ಮಗೂಗೆ ಹಂಗೆಲ್ಲ ಹೇಳ್ತಾರೇನ್ರೀ? ಹೋಗುತ್ತೆ ಅಂತ ಹೇಳ್ರಿ. ಹಾಲುಹಲ್ಲು ಬಿದ್ದಂಗೆ ಬಿದ್ದು ಹೋಗುತ್ತೆ."

"ನಂಗೆ ನಲವತ್ತಾಯ್ತು ಜುಬೇದಾ. ಇನ್ನೂ ಹಾಲುಹಲ್ಲಾ?"

"ಕೆಲವ್ರಿಗೆ ತಡ ಆಗುತ್ತೆ."

ಅಬ್ಬಾ ನಕ್ಕು ಉಪ್ಪಿನಕಾಯಿ ಕೇಳಿದರು. ಆದರೆ ಇಬ್ಬರೂ ತಮ್ಮ ಮಾತು ಬಿಡಲಿಲ್ಲ. ಮುಂದೆ ಎಷ್ಟೋ ವರ್ಷ ಅಬ್ಬಾ ಮಲಗಿ ಎದ್ದಾಗ ಅಮ್ಮಿ ಅವರ ಮುಖ ನೋಡಿ "ಅಲ್ಲಾಡ್ತಾ ಐತೆ, ಇನ್ನೇನು ಬೀಳುತ್ತೆ" ಅನ್ನುವುದು, ಅವರು "ಗಾಳಿ ನಿಲ್ಲಿಸ್ಬೇಡ" ಅನ್ನುವುದು ಮನೆಯ ತಮಾಷೆಯಾಯಿತು.

ನಾನು ಟೀಚರ್ ಹೇಳಿದ ಶಾಲೆಗೇ ಹೋದೆ. ಇಪ್ಪತ್ತೆರಡು ವರ್ಷದಿಂದ ವೃದ್ಧರ ಮನೆಯೊಂದರಲ್ಲಿ ಆರೈಕೆಯ ಕೆಲಸ ಮಾಡುತ್ತಿದ್ದೇನೆ. ರುಬೀನಾಳಿಗೆ ಸಿಟ್ಟೇ ಬರುವುದಿಲ್ಲ ಎಂದು ಅಲ್ಲಿ ಎಲ್ಲರೂ ಹೇಳುತ್ತಾರೆ. ನಿಜವೇನೆಂದರೆ, ಯಾರಾದರೂ ದನಿ ಏರಿಸಿದರೆ ನಾನು ಬಾಗಿಲು ಎಳೆದುಕೊಂಡು ಆಚೆ ಹೋಗುತ್ತೇನೆ. ನನ್ನ ಸಿಟ್ಟಿಗೂ ಅದನ್ನೇ ಮಾಡುತ್ತೇನೆ. ಆ ಕೆಲಸದಲ್ಲಿ ಮೊದಲ ವಾರವೇ ಕಲಿಸುವುದು ಇಷ್ಟು: ಯಾರಾದರೂ ನೆಲದ ಮೇಲಿದ್ದರೆ ಹತ್ತಿರ ಹೋಗು, ಹೆಸರು ಹಿಡಿದು ಕರೆ, ಭುಜ ಮುಟ್ಟು, ಉಸಿರು ನೋಡು. ಅದನ್ನು ನಾನು ಲೆಕ್ಕವಿಲ್ಲದಷ್ಟು ಸಲ ಮಾಡಿದ್ದೇನೆ.

ಕೆಲಸದಿಂದ ನಿವೃತ್ತರಾದ ಮೇಲೆ ಅಬ್ಬಾ ಮಲಗುವುದು ಅಪರೂಪವಾಯಿತು. ಹಬ್ಬಕ್ಕೆ ಬಂದವರ ಎದುರು ಅಮ್ಮಿ "ಬಿತ್ತು, ಕೊನೆಗೂ ಹಲ್ಲು ಬಿತ್ತು" ಎಂದು ಹೇಳಿಕೊಂಡು ನಗುತ್ತಿದ್ದಳು. ಅಬ್ಬಾ ಆಗಲೂ ಅಲ್ಲ ಅನ್ನಲಿಲ್ಲ, ಹೌದೂ ಅನ್ನಲಿಲ್ಲ. ಅವರು ತೀರಿಕೊಳ್ಳುವ ಹಿಂದಿನ ದಿನ ಸಂಜೆ ನಾನು ಫೋನ್ ಮಾಡಿದ್ದೆ. ಮೆಟ್ಟಿಲು ಹತ್ತುವುದು ಅವರಿಗೆ ಕಷ್ಟವಾಗುತ್ತಿತ್ತು. ಒಂದೇ ಅಂತಸ್ತಿನ ಫ್ಲ್ಯಾಟಿಗೆ ಇಬ್ಬರ ಹೆಸರನ್ನೂ ನೋಂದಾಯಿಸಿದ್ದೇನೆಂದು ಹೇಳಿದೆ. "ನನ್ನ ಕೇಳ್ದೇನೇ?" ಎಂದರು, ಫೋನ್ ಇಟ್ಟರು. ಮರುದಿನ ಬೆಳಿಗ್ಗೆ ಹತ್ತರ ಸುಮಾರಿಗೆ ನನ್ನ ಬಳಿಯಿದ್ದ ಕೀಲಿಯಿಂದ ಬಾಗಿಲು ತೆಗೆದು ಒಳಗೆ ಹೋದೆ. ಅಡುಗೆಮನೆಯ ಬಾಗಿಲು ತಳ್ಳಿದೆ. ಅವರು ಅಂಗಾತ ಮಲಗಿದ್ದರು. ಕೈ ಹೊಟ್ಟೆಯ ಮೇಲೆ, ಚಪ್ಪಲಿ ಪಕ್ಕದಲ್ಲಿ, ಎಂದಿನಂತೆಯೇ. ಈಗ ಯೋಚಿಸಿದರೆ, ಎದೆ ಹಿಡಿದಾಗಲೂ ಅವರ ಮೈ ಅಭ್ಯಾಸದ ಮೇಲೆ ಮೊದಲು ಕೂತು, ಆಮೇಲೆ ಮಲಗಿರಬೇಕು. ಆಗ ಮಾತ್ರ, ಒಂದು ಫ್ಲ್ಯಾಟಿಗೋಸ್ಕರ ಈ ವಯಸ್ಸಿನಲ್ಲೂ ಇಷ್ಟು ಸಿಟ್ಟೇ ಎಂದು ನನ್ನೊಳಗೆ ಏನೋ ಬಿಸಿಯಾಯಿತು. ಬಾಗಿಲು ಎಳೆದು ಬಂದು ಮುಂದಿನ ಕೋಣೆಯಲ್ಲಿ ಕೂತೆ. ಬೆಳಗು ಮೋಡವಿಲ್ಲದೆ ಶುಭ್ರವಾಗಿತ್ತು. ಅರ್ಧ ಗಂಟೆ ನಾನು ಏನನ್ನೂ ಯೋಚಿಸದೆ ಬೀದಿ ನೋಡುತ್ತಿದ್ದೆ. ಚಿಕ್ಕವಳಾಗಿದ್ದಾಗಿನ ಆ ನಿಶ್ಶಬ್ದ ಮತ್ತೆ ಬಂದು ಪಕ್ಕದಲ್ಲಿ ಕೂತಂತಿತ್ತು, ಹೇಳಲು ನಾಚಿಕೆಯಾಗುತ್ತದೆ, ಹಿತವಾಗಿತ್ತು. ಅಮ್ಮಿ ಸಂತೆಯಿಂದ ಚೀಲ ಹಿಡಿದು ಬಂದಳು. ಯಾವಾಗ ಬಂದೆ ಎಂದು ಕೇಳಿದಳು. ಈಗ ಎಂದೆ. ಅವಳು ಒಳಗೆ ಹೋದಳು. ಆಮೇಲೆ ಅವಳು ಕೂಗಿದ್ದು, ನಾನು ಓಡಿದ್ದು, ಮುಟ್ಟಿ ನೋಡಿದ್ದು. ಬಂದ ಡಾಕ್ಟರು, ಬಹುಶಃ ಒಂದೇ ಕ್ಷಣದಲ್ಲಿ ಆಗಿಹೋಗಿದೆ ಎಂದರು. ಆ ಬಹುಶಃ ನನ್ನನ್ನು ಬಿಡಲಿಲ್ಲ.

ಅವತ್ತಿನಿಂದ ನಾನು ಅಮ್ಮಿಯ ಜೊತೆಗೇ ಆ ಮನೆಯಲ್ಲಿ ಉಳಿದಿದ್ದೆ. ನಲವತ್ತನೆಯ ದಿನ ಮಧ್ಯಾಹ್ನ ಕುರಾನ್ ಓದಿಸುವುದಿತ್ತು, ಬಂದವರಿಗೆ ಊಟವಿತ್ತು. ಬೆಳಿಗ್ಗೆ ನಾನೂ ಅಮ್ಮಿಯೂ ಆ ಅಡುಗೆಮನೆಯಲ್ಲಿ, ಆ ನೆಲದ ಮೇಲೆ ನಿಂತು, ಒಂದಷ್ಟು ಈರುಳ್ಳಿ ಹುರಿಯಲು ಇಟ್ಟು ಉಳಿದದ್ದನ್ನು ಹೆಚ್ಚುತ್ತಿದ್ದೆವು. ಅಮ್ಮಿ ತನಗೆ ತಾನೇ ಹೇಳಿಕೊಂಡಂತೆ ಹೇಳಿದಳು.

"ಹಗುರಾಗಿ ಹೋದ್ರು ನಿಮ್ಮಬ್ಬಾ. ಸಿಟ್ಟೂ ಇರ್ಲಿಲ್ಲ, ಏನೂ ಇರ್ಲಿಲ್ಲ."

"ಅಮ್ಮಿ, ಅವತ್ತು ನಾನು ಇಲ್ಲಿಗೆ ಬಂದಿದ್ದೆ. ನೀನು ಬರೋಕ್ ಮುಂಚೆ. ಮಲಗಿದ್ರು. ಸಿಟ್ಟು ಅಂದ್ಕೊಂಡು ಬಾಗಿಲು ಎಳ್ಕೊಂಡು ಹೋಗಿ ಕೂತೆ. ಅರ್ಧ ಗಂಟೆ ಕೂತಿದ್ದೆ."

ಅಮ್ಮಿ ಚಾಕು ಕೆಳಗಿಟ್ಟಳು. ಅವಳ ಕತ್ತಿನಿಂದ ಕೆಂಪು ಏರಿ ಮುಖಕ್ಕೆ ಬರುವುದನ್ನು ನೋಡಿದೆ. ಅವಳನ್ನು ಹಾಗೆ ನಾನು ಯಾವತ್ತೂ ಕಂಡಿರಲಿಲ್ಲ. ನನ್ನ ಕೈ ತಾನಾಗಿಯೇ ಕುರ್ಚಿಯನ್ನು ಅವಳ ಕಡೆ ಎಳೆಯಿತು. ಅವಳು ಅದನ್ನು ಕಾಲಿಂದ ಆಚೆ ತಳ್ಳಿದಳು.

"ನಾನು ಕೂರಲ್ಲ! ಯಾರ್ ಯಾರನ್ನೋ ಮುಟ್ಟಿ ಎಬ್ಬಿಸ್ತೀಯ, ಅದಕ್ಕೇ ನಿಂಗೆ ಸಂಬಳ ಕೊಡ್ತಾರೆ. ಹೆತ್ತ ಅಪ್ಪನ್ನ ಒಂದ್ಸಲ ಕೂಗಕ್ಕಾಗ್ಲಿಲ್ವಾ? ಅಬ್ಬಾ ಅಂದಿದ್ರೆ ಬಾಯಿ ಸವೀತಿತ್ತಾ?"

"ಗೊತ್ತಮ್ಮಿ. ಸಿಟ್ಟು ಹೋಗೈತೆ ಅಂತ ನೀನು ಎಲ್ರಿಗೂ ಹೇಳ್ತಿದ್ದೆ. ನಾನು ನಂಬ್ಬೇಕಿತ್ತು."

"ನಾನು ನಂಬಿದ್ನಾ?"

ಅಷ್ಟು ಗಟ್ಟಿಯಾಗಿ ಕೂಗಿದಳು, ಒಲೆಯ ಮೇಲಿನ ಮುಚ್ಚಳ ನಡುಗಿದಂತಾಯಿತು. ಆಮೇಲೆ ದನಿ ಇಳಿಯಿತು.

"ನಾನು ಸಂತೆಗೆ ಹೊರಟಾಗ್ಲೇ ಮಲಗಿದ್ರು. 'ರುಬೀನಾ ಅಬ್ಬಾ, ಹೋಗ್ಬರ್ತೀನಿ' ಅಂದೆ. ಮಾತಾಡ್ಲಿಲ್ಲ. ಮಲಗಿದಾಗ ಅವ್ರು ಯಾವಾಗ ಮಾತಾಡಿದ್ರು? ನಿನ್ನ ಫ್ಲ್ಯಾಟಿನ ಸಿಟ್ಟು ಅಂತ ಬಾಗಿಲು ಎಳೆದೆ. ಎಳೆದು, ಹೋಗಿ, ಟೊಮೇಟೊ ಆರಿಸ್ತಾ ನಿಂತಿದ್ದೆ ಕಣೇ ನಾನು."

ನಾನು ಅವಳನ್ನು ತಬ್ಬಿಕೊಳ್ಳಬೇಕಿತ್ತು. ಹಾಗೆ ಆಗಲಿಲ್ಲ. ನಲವತ್ತು ದಿನ ಒಬ್ಬಳೇ ಹೊತ್ತುಕೊಂಡು ತಿರುಗಿದ್ದು ನೆನಪಾಗಿ ಮೈಯೆಲ್ಲ ಉರಿಯಿತು. ಪಕ್ಕದ ಕೋಣೆಯಲ್ಲಿ ರಾತ್ರಿಯೆಲ್ಲ ಅಳುತ್ತಿದ್ದ ನನ್ನ ಸದ್ದು ಅವಳಿಗೆ ಕೇಳಿಸದೆ ಇರುತ್ತದೆಯೇ? ಕೇಳಿಸಿಯೂ ತಾನು ನೋಡಿದ್ದನ್ನು ಹೇಳಿರಲಿಲ್ಲ. ಅಭ್ಯಾಸದ ಮೇಲೆ ಕಾಲು ಬಾಗಿಲ ಕಡೆ ತಿರುಗಿತು. ಅಮ್ಮಿ ನನ್ನ ತೋಳು ಹಿಡಿದಳು.

"ಹೋಗ್ಬೇಡ. ಬೈಯಿ. ಇಲ್ಲೇ ನಿಂತ್ಕೊಂಡು ಬೈಯಿ."

ಬೈದೆ. ದಖನಿಯಲ್ಲಿ, ಕನ್ನಡದಲ್ಲಿ, ಪದ ಸಿಗದ ಕಡೆ ಡಚ್ಚಿನಲ್ಲಿ. ಅವಳೂ ಬಿಡಲಿಲ್ಲ. ನನ್ನನ್ನು ಬೈದಳು, ಅಬ್ಬಾನನ್ನು ಬೈದಳು, ಮಾತು ತೆಗೆದುಕೊಂಡು ಮಗಳನ್ನು ಕಳಿಸಿದ ತನ್ನ ತಂದೆಯನ್ನೂ ಬೈದಳು. ಲೋಟದ ಏಟಿಗೂ ಇಂಥ ಮಾತು ಅವಳ ಬಾಯಿಂದ ಬಂದಿರಲಿಲ್ಲ. ಇಷ್ಟು ವರ್ಷ ಅದು ಅವಳೊಳಗೆ ಎಲ್ಲಿತ್ತೋ ಗೊತ್ತಿಲ್ಲ. ಅಬ್ಬಾನ ಸಿಟ್ಟು ಹೋಗಿತ್ತೋ, ಕೆಳಗಿಳಿದು ಕೂತಿತ್ತೋ, ಇನ್ನು ಕೇಳುವಂತಿಲ್ಲ. ಹೋಗಿದ್ದರೂ ಅದು ನಮಗೆ ತಿಳಿಯುವ ದಾರಿ ಇರಲಿಲ್ಲ, ನಾವು ನೋಡುವ ಮೊದಲೇ ಬಾಗಿಲು ಎಳೆಯುತ್ತಿದ್ದೆವು. ಈರುಳ್ಳಿ ತಳ ಹಿಡಿದು ಹೊಗೆ ಎದ್ದಿತು. ಇಬ್ಬರೂ ಒಲೆ ಆರಿಸಲಿಲ್ಲ.

ತಾನಿರುವ ಕಾಪೆಲ್ಲೆ ಊರಿನಿಂದ ರೈಲಿನಲ್ಲಿ ಬಂದ ನಸ್ರೀನ್ ಅಡುಗೆಮನೆಯ ಹೊಸ್ತಿಲಲ್ಲಿ ನಿಂತಿದ್ದಳು. ಯಾವಾಗಿನಿಂದ ನಿಂತಿದ್ದಳೋ. ನಮ್ಮಿಬ್ಬರ ಮುಖ ನೋಡಿ, ಒಂದು ಹೆಜ್ಜೆ ಹಿಂದೆ ಇಟ್ಟು, ಬಾಗಿಲ ಹಿಡಿಗೆ ಕೈ ಹಾಕಿದಳು.

"ಬೇಡ," ಎಂದಳು ಅಮ್ಮಿ. ಸೆರಗಿನಿಂದ ಮೂಗು ಒರೆಸಿಕೊಂಡಳು. "ಒಳಗೆ ಬಾ ನಸ್ರೀನ್. ನಿಂಗೂ ಒಂದು ಮಾತು ಹೇಳೋದೈತೆ. ಮೊದ್ಲು ನಾನು ಹೇಳ್ತೀನಿ. ಆಮೇಲೆ ನಿಮ್ ರುಬೀನಾ ಆಪಾ ಹೇಳ್ತಾಳೆ."